ಅಪ್‌ಡೇಟ್: ಮೊದಲ ಆರ್‌ಸಿ (ರಿಮೋಟ್ ಕಂಟ್ರೋಲ್) ಕಾರ್ ಕಿಟ್ ತಗೊಂಡಾಯ್ತು

ಮಗಳ ಜೊತೆ ಕೂತು ಜೋಡಿಸಲು ಟಮಿಯಾ ಕಂಪನಿಯ ಟಿಟಿ-02 ರಸ್ತೆ ಕಾರ್ ಒಳ್ಳೆಯದಾ, ಟಿಟಿ-02ಬಿ ಬಗ್ಗಿ (ಮಣ್ಣು, ಕಲ್ಲಿನ ಮೇಲೂ ಓಡುವ ಕಾರ್) ಒಳ್ಳೆಯದಾ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಬಗ್ಗಿಯೇ ತಗೊಂಡೆವು. ಎರಡೂ 1/10 ಅಳತೆ (ನಿಜವಾದ ಕಾರಿನ ಹತ್ತನೇ ಒಂದು ಭಾಗ), ಎರಡೂ ಫೋರ್ ವೀಲ್ ಡ್ರೈವ್. ಆದರೆ ಟಿಟಿ-02 ನೆಲಕ್ಕೆ ತೀರಾ ಹತ್ತಿರ. ನಮ್ಮ ಜಯನಗರದ ಹಂಪು, ಜಲ್ಲಿ ನೋಡಿದ ಮೇಲೆ ಬೇರೆ ಕಾರಣ ಬೇಕಾ?

ರಿಮೋಟ್, ರಿಸೀವರ್, ಸರ್ವೋ (ಚಕ್ರ ತಿರುಗಿಸುವ ಸ್ಟೀರಿಂಗ್ ಮೋಟರ್), ಬ್ಯಾಟರಿ, ಚಾರ್ಜರ್ ಎಲ್ಲ ಬೇರೆ ಕೊಳ್ಳಬೇಕು ಅಂದಿದ್ದಿರಿ, ಹಾಗೇ ಆಯ್ತು. ಸದ್ಯಕ್ಕೆ 7.2 ವೋಲ್ಟಿನ ನಿಕಲ್ ಬ್ಯಾಟರಿ ಸಾಕು. ನಮ್ಮ ಇಎಸ್‌ಸಿಯಲ್ಲಿ (ಮೋಟರ್ ವೇಗ ನಿಯಂತ್ರಿಸುವ ಸಾಧನ) ಲೈಪೋ ಕಟಾಫ್ ಇಲ್ಲ, ಅಂದರೆ ಲಿಥಿಯಂ ಪಾಲಿಮರ್ (ಲೈಪೋ) ಬ್ಯಾಟರಿಯ ವೋಲ್ಟೇಜ್ ತೀರಾ ಇಳಿದಾಗ ಅದು ತಾನೇ ನಿಲ್ಲಿಸುವುದಿಲ್ಲ. ವೋಲ್ಟೇಜ್ ಜಾಸ್ತಿ ಇಳಿದರೆ ಲೈಪೋ ಹಾಳಾಗುತ್ತದೆ, ಸುಮ್ನೆ ಯಾಕೆ? ಅಚ್ಚು ತಿರುಗುವ ಕಡೆ ಬರುವ ಬುಶಿಂಗ್ (ಸಾದಾ ಬಳೆ) ಬದಲು ಬಾಲ್ ಬೇರಿಂಗ್ ಮಾತ್ರ ಈಗಲೇ ಹಾಕಿದೆವು. ಆಮೇಲೆ ಮತ್ತೆ ಗೇರ್‌ಬಾಕ್ಸ್ ಬಿಚ್ಚುವ ಕಷ್ಟ ಇಲ್ಲ.

ಕಾರಿನ ಪ್ಲಾಸ್ಟಿಕ್ (ಪಾಲಿಕಾರ್ಬೊನೇಟ್) ಮೇಲ್ಕವಚಕ್ಕೆ ಒಳಗಡೆಯಿಂದ ಬಣ್ಣ ಹೊಡೆಯುವುದು ಬಾಕಿ. ಮಗಳಿಗೆ ಹಳದಿ-ಕೆಂಪೇ ಬೇಕಂತೆ. ಪಾಲಿಕಾರ್ಬೊನೇಟ್ ಪೇಂಟ್ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ?