ಟ್ರೇಲರ್ ತೂಗಾಡುತ್ತಿದೆ, ಅನುಭವ ಇದ್ದವರು ಹೇಳಿ

ಡಲ್ಲಾಸ್‌ನಿಂದ ಪ್ರಶ್ನೆ: ನಮ್ಮದು 24 ಅಡಿಯ ಟ್ರಾವೆಲ್ ಟ್ರೇಲರ್, ಗಾಡಿ ಹಿಂದೆ ಎಳೆದೊಯ್ಯುವ ಪುಟ್ಟ ಮನೆ. ಸಾಮಾನು ತುಂಬಿದರೆ 5,000 ಪೌಂಡ್. ಪಿಕಪ್‌ನಲ್ಲಿ ಎಳೆಯುತ್ತೇವೆ. ವೇಗ 60 ಮೈಲಿ ದಾಟಿದರೆ ಹಿಂದೆ ಎಡಕ್ಕೂ ಬಲಕ್ಕೂ ತೂಗಾಡುತ್ತದೆ. ರಜೆಗೆ ಮಕ್ಕಳನ್ನು ಕರೆದುಕೊಂಡು ಯೆಲ್ಲೋಸ್ಟೋನ್‌ಗೆ ಹೊರಟಿದ್ದೇವೆ. ತೂಗಾಟ ತಡೆಯುವ ಸ್ವೇ ಬಾರ್ ಹಾಕಿಸಿದರೆ ಸಾಕಾ?

ಡೆನ್ವರ್‌ನಿಂದ: ಮೊದಲು ತೂಕ ನೋಡಿ ಸಾರ್, ಬಾರ್ ಆಮೇಲೆ. ಪಿಕಪ್ ಹಿಂದೆ ಟ್ರೇಲರ್ ಸಿಕ್ಕಿಸುವ ಗುಂಡಿನ (ಹಿಚ್ ಬಾಲ್) ಮೇಲೆ ಬೀಳುವ ಭಾರ, ಅಂದರೆ ಟಂಗ್ ವೆಯ್ಟ್, ಟ್ರೇಲರ್ ತೂಕದ ಶೇಕಡಾ 10ರಿಂದ 15 ಇರಬೇಕು. ನಿಮ್ಮದಕ್ಕೆ 500ರಿಂದ 750 ಪೌಂಡ್. ಅದಕ್ಕಿಂತ ಕಡಿಮೆಯಾದರೆ ತೂಗಾಟ ಶುರುವಾಗುತ್ತದೆ. ಹೈವೇ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್, ಅಂದರೆ ಗಾಡಿಯ ತೂಕವನ್ನು ಆಕ್ಸಲ್‌ವಾರು ತೋರಿಸುವ ತಕ್ಕಡಿ ಇರುತ್ತದೆ. ಒಂದು ಸಲ ಪಿಕಪ್ ಮಾತ್ರ ತೂಗಿಸಿ. ಇನ್ನೊಂದು ಸಲ ಟ್ರೇಲರ್ ಸಿಕ್ಕಿಸಿ, ಹಿಚ್ ಮೇಲಿನ ಭಾರವನ್ನು ಬೇರೆ ಆಕ್ಸಲ್‌ಗಳಿಗೂ ಹಂಚುವ ವೆಯ್ಟ್ ಡಿಸ್ಟ್ರಿಬ್ಯೂಷನ್ ಬಾರ್ ಇದ್ದರೆ ಬಿಚ್ಚಿಟ್ಟು ತೂಗಿಸಿ. ಪಿಕಪ್‌ನ ಎರಡು ಆಕ್ಸಲ್‌ಗಳ ಮೇಲೆ ಎಷ್ಟು ಹೆಚ್ಚಾಯಿತೋ ಅದೇ ಟಂಗ್ ವೆಯ್ಟ್. ಪಿಕಪ್‌ನ ಪೇಲೋಡ್‌ನಲ್ಲಿ, ಅಂದರೆ ಅದು ಹೊರಬಲ್ಲ ಒಟ್ಟು ಭಾರದಲ್ಲಿ, ಇದನ್ನೂ ಲೆಕ್ಕ ಹಾಕಬೇಕು, ಮರೆಯಬೇಡಿ.

ನಮ್ಮ ಟ್ರೇಲರ್‌ನಲ್ಲಿ ನೀರಿನ ಟ್ಯಾಂಕ್ ಆಕ್ಸಲ್‌ಗಿಂತ ಹಿಂದೆ ಇದೆ. 40 ಗ್ಯಾಲನ್ ತುಂಬಿಸಿದರೆ 330 ಪೌಂಡ್ ಮೇಲೆ ಹೋಗುತ್ತದೆ. ಅಷ್ಟೂ ಭಾರ ಹಿಂದೆ ಕೂತರೆ ಮೂತಿ, ಅಂದರೆ ಹಿಚ್ ಕಡೆಯ ಮುಂಭಾಗ, ಹಗುರವಾಗುತ್ತದೆ ಅಲ್ವಾ? ಅದಕ್ಕೇ ನಾವು ಕ್ಯಾಂಪ್‌ಗ್ರೌಂಡ್ ತಲುಪಿದ ಮೇಲೆ ನೀರು ತುಂಬಿಸುತ್ತೇವೆ. ಹಿಂದಿನ ಬಂಪರ್‌ಗೆ ಸೈಕಲ್ ಕಟ್ಟುವುದೂ ಬೇಡ. ಅಕ್ಕಿ ಮೂಟೆ, ಗ್ರೈಂಡರ್, ಕುಕ್ಕರ್ ಎಲ್ಲ ಆಕ್ಸಲ್ ಮೇಲೆ, ಇಲ್ಲವೇ ಸ್ವಲ್ಪ ಮುಂದಕ್ಕೆ ಇಡಿ.

ಲಾರಮಿಯಿಂದ: ನೀವು ವ್ಯೋಮಿಂಗ್ ದಾಟುತ್ತೀರಲ್ಲ, ಐ-80ರಲ್ಲಿ ಎಲ್ಕ್ ಮೌಂಟನ್ ಹತ್ತಿರ ಅಡ್ಡಗಾಳಿ ಜೋರು. ದೊಡ್ಡ ಟ್ರಕ್ ಪಕ್ಕದಲ್ಲಿ ದಾಟುವಾಗಲೂ ಟ್ರೇಲರನ್ನು ಮೊದಲು ತಳ್ಳಿ, ಆಮೇಲೆ ಎಳೆದ ಹಾಗಾಗುತ್ತದೆ. ತೂಗಾಟ ಬಂದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಸ್ಟೀರಿಂಗ್ ನೇರ ಹಿಡಿಯಿರಿ, ಎಡಕ್ಕೆ ಬಲಕ್ಕೆ ತಿರುಗಿಸಿ ಸರಿಮಾಡಲು ಹೋಗಬೇಡಿ. ಪಿಕಪ್‌ನ ಬ್ರೇಕ್ ತುಳಿಯಬೇಡಿ. ಡ್ರೈವರ್ ಹತ್ತಿರ ಇರುವ ಟ್ರೇಲರ್ ಬ್ರೇಕ್ ಕಂಟ್ರೋಲರ್‌ನ ಲಿವರನ್ನು ಕೈಯಿಂದ ಒತ್ತಿದರೆ ಟ್ರೇಲರ್ ಬ್ರೇಕ್ ಮಾತ್ರ ಹಿಡಿಯುತ್ತದೆ. ಟ್ರೇಲರ್ ಹಿಂದಕ್ಕೆ ಜಗ್ಗಿ ನೇರವಾಗುತ್ತದೆ. ಗಾಡಿ ನಿಂತಿರುವಾಗಲೇ, ಕಣ್ಣು ರಸ್ತೆ ಮೇಲಿಟ್ಟು ಆ ಲಿವರ್ ಮೇಲೆ ಕೈ ಹೋಗುವ ಹಾಗೆ ರೂಢಿ ಮಾಡಿಕೊಳ್ಳಿ. ನಿಮ್ಮ ಮನೆಯವರಿಗೂ ತೋರಿಸಿಕೊಡಿ. ಗಾಳಿ ಎಚ್ಚರಿಕೆ ಇದ್ದ ದಿನ ಸುಮ್ನೆ ಅಲ್ಲೇ ಉಳಿದುಬಿಡಿ.

ಸ್ಯಾಕ್ರಮೆಂಟೊದಿಂದ: ಟೈರ್ ಬಗ್ಗೆ ಯಾರೂ ಹೇಳಲಿಲ್ಲ. ಬೆಳಿಗ್ಗೆ ಹೊರಡುವ ಮೊದಲು, ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ಎಷ್ಟೋ ಟ್ರೇಲರ್ ಟೈರ್‌ಗಳಿಗೆ 65 ಮೈಲಿಯೇ ಮಿತಿ. ನಮ್ಮ ಕ್ಯಾಲಿಫೋರ್ನಿಯಾದಲ್ಲಂತೂ ಟ್ರೇಲರ್ ಎಳೆಯುವವರಿಗೆ ಕಾನೂನೇ 55. ಬೇರೆ ರಾಜ್ಯಗಳಲ್ಲೂ ನಾನು 60 ದಾಟುವುದಿಲ್ಲ.

ಬಾರ್ ಬೇಡ ಅಂತಲ್ಲ. 24 ಅಡಿಗೆ ಸ್ವೇ ಕಂಟ್ರೋಲ್ ಇರುವ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ಚೇ ಹಾಕಿಸಿ. ಆದರೆ ಮೂತಿ ಹಗುರವಿದ್ದರೆ ಅದು ಕಾಪಾಡುವುದಿಲ್ಲ, ಡೆನ್ವರ್‌ನವರು ಹೇಳಿದ ತೂಕದ ಕೆಲಸ ಮೊದಲು ಮುಗಿಸಿ. ಅದರ ಬದಲು ಒಂದೇ ಫ್ರಿಕ್ಷನ್ ಬಾರ್ (ಉಜ್ಜಾಟದಿಂದ ತೂಗಾಟ ತಡೆಯುವ ಸ್ವೇ ಬಾರ್) ಹಾಕಿಸಿದರೆ ರಿವರ್ಸ್ ತೆಗೆಯುವ ಮುಂಚೆ ಅದನ್ನು ಬಿಚ್ಚಿ, ಇಲ್ಲದಿದ್ದರೆ ಬಾಗಿಹೋಗುತ್ತದೆ.