ಜಾನ್ ಸ್ನೋ ಅವರ ಕಾಲರಾ ಕೋಷ್ಟಕ: 8.4 ಸರಿಯೋ, 8.6 ಸರಿಯೋ?

ಪ್ರಶ್ನೆ (ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸ್, ಮೊದಲ ವರ್ಷ)

ನಮಸ್ಕಾರ. ಎಪಿಡೆಮಿಯಾಲಜಿ (ರೋಗ ಹರಡುವಿಕೆಯ ಅಧ್ಯಯನ) ಈಗಷ್ಟೇ ಶುರುವಾಗಿದೆ. ಕಾಲರಾ ನೀರಿನಿಂದ ಹರಡುತ್ತೆ ಅಂತ ವಾದಿಸಿದ ವೈದ್ಯ ಜಾನ್ ಸ್ನೋ ಅವರ 1854ರ ಲಂಡನ್ ಕಾಲರಾದ ಲೆಕ್ಕ ಅಸೈನ್‌ಮೆಂಟ್‌ಗೆ ಬಂದಿದೆ.

ಸದರ್ಕ್ ಅಂಡ್ ವಾಕ್ಸಾಲ್ ಕಂಪನಿಯ ನೀರು: 40,046 ಮನೆ, 1,263 ಸಾವು
ಲ್ಯಾಂಬೆತ್ ಕಂಪನಿಯ ನೀರು: 26,107 ಮನೆ, 98 ಸಾವು

ನನಗೆ ರಿಸ್ಕ್ ರೇಶಿಯೋ (ಎರಡು ಗುಂಪುಗಳ ಅಪಾಯದ ಅನುಪಾತ) 8.4 ಬಂತು. ಗೆಳತಿ ಆಡ್ಸ್ ರೇಶಿಯೋ (ಸತ್ತವರು ÷ ಸಾಯದವರು, ಎರಡು ಗುಂಪುಗಳಲ್ಲಿ ಇದರ ಅನುಪಾತ) ತೆಗೆದು 8.6 ಅಂತಾಳೆ. ಯಾವುದು ಬರೀಲಿ? ಮತ್ತೆ, ಎಲ್ಲರೂ ಹೇಳೋ ಬ್ರಾಡ್ ಸ್ಟ್ರೀಟ್ ಪಂಪ್ ಇದರಲ್ಲಿ ಎಲ್ಲಿದೆ?

ಉತ್ತರ 1

8.4 ಬರೀರಿ, ಆದರೆ ರಿಸ್ಕ್ ರೇಶಿಯೋ ಅನ್ನಬೇಡಿ. 8.6 ಕೈಬಿಡಿ. ಅದು ಬಂದಿದ್ದು ಹೀಗೆ: 40,046ರಲ್ಲಿ 1,263 ಕಳೆದು, ಉಳಿದ 38,783 ಸಾವಿಲ್ಲದ ಮನೆಗಳು ಅಂದುಕೊಂಡಿದ್ದಾರೆ. ಒಂದೇ ಮನೆಯಲ್ಲಿ ಮೂವರು ತೀರಿಕೊಂಡಿದ್ದರೆ? ಅಂಶದಲ್ಲಿರೋದು ಜನ, ಛೇದದಲ್ಲಿರೋದು ಮನೆ. ಮನೆಗಳ ಲೆಕ್ಕದಿಂದ ಜನರನ್ನು ಕಳೆಯೋಕೆ ಬರಲ್ಲ, ಹಾಗಾಗಿ ಇಲ್ಲಿ 2×2 ಕೋಷ್ಟಕವೇ (ಎರಡು ಗುಂಪು, ಸತ್ತವರು-ಸಾಯದವರು) ಆಗಲ್ಲ.

1,263 ÷ 40,046 × 10,000 = 315
98 ÷ 26,107 × 10,000 = 37.5
315 ÷ 37.5 = 8.4

ಇದು ದರಗಳ ಅನುಪಾತ. "10,000 ಮನೆಗೆ ಸಾವು, 26 ಆಗಸ್ಟ್ 1854ಕ್ಕೆ ಮುಗಿದ ಏಳು ವಾರ" ಅಂತ ಪಕ್ಕದಲ್ಲೇ ಬರೀರಿ. ಸ್ನೋ ಅವರ 1855ರ ಪುಸ್ತಕದಲ್ಲಿ ಎರಡನೇ ದರ 37 ಅಂತಿದೆ. ದಶಮಾಂಶ ಬಿಟ್ಟಿದ್ದಾರೆ, ಗಾಬರಿಯಾಗಬೇಡಿ.

ಅವಧಿ ಯಾಕೆ ಬರೀಬೇಕು ಅಂದ್ರೆ, ಮೊದಲ ನಾಲ್ಕು ವಾರ ಮಾತ್ರ ತಗೊಂಡರೆ ಸಾವು 286 ಮತ್ತು 14. ಆಗ ಅನುಪಾತ 13 ದಾಟುತ್ತೆ. ನೀರು ಅದೇ, ಕಂಪನಿಗಳೂ ಅವೇ. ದಿನ ಕಳೆದಂತೆ ರೋಗಿಯಿಂದ ಮನೆಯವರಿಗೆ, ಬೇರೆ ದಾರಿಗಳಲ್ಲೂ ಹರಡೋದರಿಂದ ವ್ಯತ್ಯಾಸ ಕಡಿಮೆಯಾಗ್ತಾ ಹೋಗುತ್ತೆ.

ಮನೆಯನ್ನು ಛೇದ ಮಾಡಿದ್ದರ ತೊಂದರೆ ಇನ್ನೊಂದಿದೆ. ಸದರ್ಕ್ ಅಂಡ್ ವಾಕ್ಸಾಲ್ ಮನೆಯಲ್ಲಿ ಸರಾಸರಿ 7 ಜನ, ಲ್ಯಾಂಬೆತ್ ಮನೆಯಲ್ಲಿ 6 ಅಂತ ಸುಮ್ಮನೆ ಊಹಿಸಿ. ತಲೆಲೆಕ್ಕದಲ್ಲಿ 8.4 ಅನ್ನೋದು 7.2ಕ್ಕೆ ಇಳಿಯುತ್ತೆ. ತೀರ್ಮಾನ ಬದಲಾಗಲ್ಲ, ಆದರೆ ವೈವಾದಲ್ಲಿ ಇದನ್ನೇ ಕೇಳ್ತಾರೆ.

ಉತ್ತರ 2

ಮೇಲಿನ ಉತ್ತರಕ್ಕೆ ಸೇರಿಸೋದು: ಈ ಅಧ್ಯಯನದ ನಿಜವಾದ ಜಾಣತನ ಭಾಗಾಕಾರದಲ್ಲಿಲ್ಲ, ಯಾವ ಮನೆಗೆ ಯಾರ ನೀರು ಅಂತ ಪತ್ತೆ ಹಚ್ಚಿದ್ದರಲ್ಲಿದೆ. ಎರಡೂ ಕಂಪನಿಗಳ ಪೈಪು ಒಂದೇ ಬೀದಿಯಲ್ಲಿ ಹಾಯ್ದಿದ್ದವು. ಬಡವರು, ಶ್ರೀಮಂತರು ಎರಡೂ ಕಡೆ ಇದ್ದರು. ಅಂದರೆ ಕನ್‌ಫೌಂಡಿಂಗ್ (ಬೇರೆ ಕಾರಣ ಬೆರೆತು ಲೆಕ್ಕ ದಾರಿ ತಪ್ಪೋದು) ಬಹುಪಾಲು ತಾನಾಗಿಯೇ ತಪ್ಪಿತು. ಲ್ಯಾಂಬೆತ್ ಕಂಪನಿ 1852ರಲ್ಲಿ ನೀರೆತ್ತುವ ಜಾಗವನ್ನು ಥೇಮ್ಸ್ ನದಿಯ ಮೇಲ್ಭಾಗಕ್ಕೆ, ಲಂಡನ್ನಿನ ಕೊಳಚೆ ತಲುಪದ ಕಡೆಗೆ ಸಾಗಿಸಿತ್ತು. ಇನ್ನೊಂದು ಕಂಪನಿ ಲಂಡನ್ನಿನೊಳಗಿನ ಬ್ಯಾಟರ್ಸೀಯಲ್ಲೇ ಉಳಿದಿತ್ತು.

ಬಾಡಿಗೆದಾರರಿಗೆ ಕಂಪನಿಯ ಹೆಸರೇ ಗೊತ್ತಿರಲಿಲ್ಲ, ನೀರಿನ ದುಡ್ಡು ಕಟ್ಟೋನು ಮನೆ ಮಾಲೀಕ. ಸ್ನೋ ಏನು ಮಾಡಿದರು? ಸಣ್ಣ ಶೀಶೆಯಲ್ಲಿ ನೀರು ಹಿಡಿದು ಸಿಲ್ವರ್ ನೈಟ್ರೇಟ್ ಹಾಕಿದರು. ಬ್ಯಾಟರ್ಸೀ ನೀರಿಗೆ ಸಮುದ್ರದ ಭರತ ತಾಗುತ್ತೆ, ಜೊತೆಗೆ ಕೊಳಚೆಯ ಉಪ್ಪು, ಗ್ಯಾಲನ್ನಿಗೆ 37.9 ಗ್ರೇನ್ (ಹಳೆಯ ಸಣ್ಣ ತೂಕದ ಅಳತೆ). ತಕ್ಷಣ ಬಿಳಿ ಗರಣೆ ಕಟ್ಟುತ್ತೆ. ಲ್ಯಾಂಬೆತ್ ನೀರಿನಲ್ಲಿ 0.95 ಗ್ರೇನ್, ಸ್ವಲ್ಪ ಮಬ್ಬಾಗುತ್ತೆ ಅಷ್ಟೆ. ಈ ಪರೀಕ್ಷೆ ಇಲ್ಲದೆ ಜನರ ಮಾತನ್ನೇ ನಂಬಿದ್ದರೆ ಎರಡೂ ಗುಂಪು ಕಲಸಿಹೋಗಿ ಅನುಪಾತ 1ರ ಕಡೆಗೆ ಜಾರುತ್ತಿತ್ತು.

ಉತ್ತರ 3

ಪಂಪ್ ಬಗ್ಗೆ: ನಿಮ್ಮ ಕೋಷ್ಟಕದಲ್ಲಿ ಅದು ಇಲ್ಲವೇ ಇಲ್ಲ. ಕೋಷ್ಟಕದ್ದು ಥೇಮ್ಸ್ ದಕ್ಷಿಣ ದಡದ ಕತೆ, ಬ್ರಾಡ್ ಸ್ಟ್ರೀಟ್ ಇರೋದು ಉತ್ತರದ ಸೋಹೋದಲ್ಲಿ. ಅಲ್ಲಿ ರೋಗ ಸ್ಫೋಟಿಸಿದ್ದು 31 ಆಗಸ್ಟ್ ರಾತ್ರಿ, ಅಂದರೆ ನಿಮ್ಮ ಏಳು ವಾರ ಮುಗಿದ ಮೇಲೆ.

ಸ್ನೋ ಆ ಪಂಪಿನ ಹಿಡಿಕೆ ತೆಗೆಸಿದ್ದಕ್ಕೇ ಕಾಲರಾ ನಿಂತಿತು ಅಂತ ದಯವಿಟ್ಟು ಬರೀಬೇಡಿ. ಸೆಪ್ಟೆಂಬರ್ 1ರಂದು ಕಾಯಿಲೆ ಬಿದ್ದು ಆಮೇಲೆ ಸತ್ತವರು 143. ಹಿಡಿಕೆ ತೆಗೆದ 8ರಂದು ಆ ಸಂಖ್ಯೆ 12. ರೋಗ ಆಗಲೇ ಇಳಿದಿತ್ತು, ಎಷ್ಟೋ ಜನ ಊರೇ ಬಿಟ್ಟಿದ್ದರು. ಎಪಿ ಕರ್ವ್ (ದಿನಕ್ಕೆಷ್ಟು ಪ್ರಕರಣ ಅನ್ನೋ ನಕ್ಷೆ) ಬರೆಯುವಾಗ ಕಾಯಿಲೆ ಶುರುವಾದ ದಿನವನ್ನೇ ಹಾಕಿ. ಸತ್ತ ದಿನ ಹಾಕಿದರೆ ತುದಿ ಸೆಪ್ಟೆಂಬರ್ 2ಕ್ಕೆ ಸರಿಯುತ್ತೆ, ಸೋಂಕು ತಗುಲಿದ ದಿನದ ಅಂದಾಜೂ ತಪ್ಪುತ್ತೆ.

ಪಂಪಿನ ವಿರುದ್ಧದ ಸಾಕ್ಷಿ ಬೇಕಾದರೆ ಸಾಯದವರನ್ನು ನೋಡಿ. ಹತ್ತಿರದ ಪೋಲಂಡ್ ಸ್ಟ್ರೀಟಿನ, ಬಡವರನ್ನು ಇಟ್ಟುಕೊಳ್ಳುತ್ತಿದ್ದ ವರ್ಕ್‌ಹೌಸ್‌ನಲ್ಲಿ 535 ಜನ, ಸತ್ತವರು 5. ಅಲ್ಲಿ ಸ್ವಂತ ಬಾವಿ ಇತ್ತು.

ಪ್ರಶ್ನೆ ಕೇಳಿದವರು

ಧನ್ಯವಾದ. ಪ್ರಿವಲೆನ್ಸ್ ಕೂಡ ಲೆಕ್ಕ ಹಾಕಬೇಕಾ?

ಉತ್ತರ 1

ಬೇಡ. ಪ್ರಿವಲೆನ್ಸ್ ಅಂದರೆ ಒಂದು ಹೊತ್ತಿನಲ್ಲಿ ಎಷ್ಟು ಜನ ರೋಗಿಗಳಿದ್ದಾರೆ ಅನ್ನೋದು. ಹೆಚ್ಚುಕಡಿಮೆ ಇನ್ಸಿಡೆನ್ಸ್ (ಹೊಸದಾಗಿ ರೋಗ ಬರುವ ದರ) × ಕಾಯಿಲೆಯ ಅವಧಿ. ಕಾಲರಾದಲ್ಲಿ ಕೆಲವೇ ದಿನದಲ್ಲಿ ವಾಸಿ, ಇಲ್ಲವೇ ಸಾವು. ಸಾವಿರ ಜನಕ್ಕೆ ಬಂದರೂ ಯಾವುದೋ ಒಂದು ದಿನ ಎಣಿಸಿದರೆ ಸಿಗೋದು ಕೆಲವರು. ಕ್ಷಯ, ಸಕ್ಕರೆ ಕಾಯಿಲೆಗೆ ಪ್ರಿವಲೆನ್ಸ್ ಇಟ್ಟುಕೊಳ್ಳಿ. ಇಲ್ಲಿ ನಿಮ್ಮ ಹತ್ತಿರ ಇರೋದು ಸಾವಿನ ಎಣಿಕೆ ಮಾತ್ರ, ಬದುಕುಳಿದ ರೋಗಿಗಳ ಸಂಖ್ಯೆ ಕೋಷ್ಟಕದಲ್ಲಿ ಇಲ್ಲ. ಹಾಗಾಗಿ ಅಟ್ಯಾಕ್ ರೇಟ್ (ಎಷ್ಟು ಪಾಲು ಜನಕ್ಕೆ ರೋಗ ಬಂತು) ಅಂತಲೂ ಬರೀಬೇಡಿ.