ಅಪ್‌ಡೇಟ್: ಕಾರಿನ ಗಾಜು ಒಡೆದು ಬ್ಯಾಗ್ ಕದ್ದ ವಿಷಯ

ಬೆಂಗಳೂರಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕಾರಿನ ಹಿಂದಿನ ಬಾಗಿಲಿನ ಗಾಜು ಒಡೆದು ಲ್ಯಾಪ್‌ಟಾಪ್ ಬ್ಯಾಗ್ ಎತ್ಕೊಂಡು ಹೋಗಿದ್ದಾರೆ, ಇನ್ಶೂರೆನ್ಸ್ ಕ್ಲೇಮ್ ಮಾಡ್ಲಾ ಬೇಡ್ವಾ ಅಂತ ಕೇಳಿದ್ದೆ. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಲ್ಯಾಪ್‌ಟಾಪ್ ಸಿಕ್ಕಿಲ್ಲ. ಸಿಗುತ್ತೆ ಅನ್ನೋ ಆಸೆಯೂ ಇಲ್ಲ.

ಪೊಲೀಸ್ ಸ್ಟೇಷನ್‌ನಲ್ಲಿ ಮೊದಲು "ಇ-ಲಾಸ್ಟ್ ಮಾಡ್ಕೊಳಿ ಸಾರ್, ಸಾಕು" ಅಂದ್ರು. ಅದು ಕಳೆದುಹೋದ ವಸ್ತುಗಳಿಗೆ ಇರೋ ಪೊಲೀಸರ ಆನ್‌ಲೈನ್ ದೂರು, ಇದು ಕಳ್ಳತನ. ಪಟ್ಟು ಹಿಡಿದು ಎಫ್‌ಐಆರ್ ಹಾಕಿಸಿದೆ. ಹಳೇ ಬಿಲ್‌ನಲ್ಲಿದ್ದ ಸೀರಿಯಲ್ ನಂಬರನ್ನೂ ಬರೆಸಿದೆ. ದೂರು ಕೊಟ್ಟವರಿಗೆ ಪ್ರತಿ ಉಚಿತವಾಗಿ ಕೊಡಬೇಕು ಅಂತ ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 173ನೇ ಕಲಂನಲ್ಲೇ ಇದೆ, ಕೇಳಿ ತಗೊಳ್ಳಿ.

ಇನ್ನು ಇನ್ಶೂರೆನ್ಸ್. ಒಡೆದ ಗಾಜು ಓನ್ ಡ್ಯಾಮೇಜ್‌ನಲ್ಲಿ (ನಮ್ಮ ಕಾರಿಗೇ ಆದ ಹಾನಿಯ ಕವರ್) ಬರುತ್ತೆ, ಗಾಜಿಗೆ ಡಿಪ್ರಿಸಿಯೇಶನ್ (ಹಳೇದಾಯ್ತು ಅಂತ ಬೆಲೆ ಇಳಿಸೋದು) ಕಳೆಯೋದಿಲ್ಲ. ಆದ್ರೆ ಒಳಗಿದ್ದ ಸಾಮಾನಿಗೆ, ಅದಕ್ಕೆ ಅಂತ ಬೇರೆ ಆಡ್-ಆನ್ (ಹೆಚ್ಚುವರಿ ಕವರ್) ಇಲ್ಲದಿದ್ರೆ, ಬಿಡಿಗಾಸೂ ಬರಲ್ಲ. 1500 ಸಿಸಿ ಒಳಗಿನ ಕಾರಿಗೆ ಮೊದಲ 1,000 ರೂಪಾಯಿ ನಮ್ಮ ತಲೆ ಮೇಲೇ. ಕ್ಲೇಮ್ ಮಾಡಿದ್ರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಸೊನ್ನೆ. ನಂದು 50% ಮುಟ್ಟಿತ್ತು. ಒಂದು ಪಕ್ಕದ ಗಾಜಿಗೋಸ್ಕರ ಅದನ್ನ ಬಿಡೋದು ದಡ್ಡತನ ಅನ್ನಿಸಿ ಕೈಯಿಂದಲೇ ಕೊಟ್ಟೆ. ಮುಂದಿನ ದೊಡ್ಡ ಗಾಜಾಗಿದ್ರೆ ಲೆಕ್ಕ ಬೇರೆ ಇರ್ತಿತ್ತೇನೋ.

ಡಿಎಲ್, ಆರ್‌ಸಿ ಎರಡೂ ಬ್ಯಾಗ್ ಜೊತೆಗೇ ಹೋದ್ವು. ಸಾರಿಗೆಯ ಸರ್ಕಾರಿ ವೆಬ್‌ಸೈಟ್ ಪರಿವಾಹನ್‌ನಲ್ಲಿ ಡೂಪ್ಲಿಕೇಟ್‌ಗೆ ಅರ್ಜಿ ಹಾಕಿದ್ದೀನಿ. ಅಲ್ಲಿವರೆಗೆ ತೋರಿಸೋಕೆ ಸರ್ಕಾರಿ ಆ್ಯಪ್ ಡಿಜಿಲಾಕರ್‌ನಲ್ಲಿರೋದು ಸಾಕು, ಫೋನ್ ಗ್ಯಾಲರಿಯಲ್ಲಿರೋ ಫೋಟೋ ನಡೆಯಲ್ಲ. ಚೆಕ್ ಬುಕ್ ಸ್ಟಾಪ್ ಮಾಡಿಸಿದೆ.

ಗಾಜಿನ ಚೂರುಗಳ ಕಾಟ ಮಾತ್ರ ಇನ್ನೂ ಮುಗಿದಿಲ್ಲ. ಬಾಗಿಲ ಒಳಗೂ ಬಿದ್ದಿರುತ್ತೆ. ಹೊಸ ಗಾಜು ಕೂರಿಸೋ ಮುಂಚೆ ಡೋರ್ ಪ್ಯಾಡ್ (ಬಾಗಿಲ ಒಳಬದಿಯ ಹೊದಿಕೆ) ಬಿಚ್ಚಿಸಿ ಚೂರು ತೆಗೆಸಿ, ಇಲ್ಲಾಂದ್ರೆ ಕಿಟಕಿ ಇಳಿಸಿದಾಗೆಲ್ಲ ಕರಕರ ಅನ್ನುತ್ತೆ.